ಯುನಿಕ್ಸ್ ಡೊಮೇನ್ ಸಾಕೆಟ್

ಯುನಿಕ್ಸ್ ಡೊಮೇನ್ ಸಾಕೆಟ್ ಎಂಬುದು ಒಂದೇ ಗಣಕಯಂತ್ರದಲ್ಲಿ ನಡೆಯುತ್ತಿರುವ ಪ್ರಕ್ರಿಯೆಗಳು ಪರಸ್ಪರ ದತ್ತಾಂಶವನ್ನು ವಿನಿಮಯ ಮಾಡಿಕೊಳ್ಳಲು ಕಾರ್ಯಾಚರಣಾ ವ್ಯವಸ್ಥೆಯ ಕರ್ನೆಲ್ ಒದಗಿಸುವ ಸಂವಹನ ಸಾಧನವಾಗಿದೆ. ಇದನ್ನು ಸ್ಥಳೀಯ ಸಾಕೆಟ್ ಎಂದೂ ಕರೆಯುತ್ತಾರೆ. ಅಂತರಜಾಲದ ಸಾಕೆಟ್‌ಗಳಿಗೆ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ ವಿಳಾಸವಾದರೆ, ಸ್ಥಳೀಯ ಸಾಕೆಟ್‌ಗೆ ಸಾಮಾನ್ಯವಾಗಿ ಕಡತ ವ್ಯವಸ್ಥೆಯಲ್ಲಿನ ಒಂದು ಹಾದಿಯೇ ವಿಳಾಸ. ಲಿನಕ್ಸ್, ಮ್ಯಾಕ್‌ಓಎಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ದತ್ತಸಂಚಯಗಳು, ಚಿತ್ರಾತ್ಮಕ ಪರದೆ, ದಾಖಲಾತಿ ಸೇವೆ ಮೊದಲಾದ ಅನೇಕ ಸೇವೆಗಳು ತಮ್ಮ ಕ್ಲೈಂಟ್‌ಗಳೊಡನೆ ಈ ಮಾರ್ಗದಲ್ಲಿಯೇ ವ್ಯವಹರಿಸುತ್ತವೆ.

ಇಂತಹ ಸೇವೆಯೊಂದಿಗೆ ಮಾತನಾಡುವ ಸಣ್ಣ ಕಮಾಂಡ್ ಲೈನ್ ಕ್ಲೈಂಟ್ ಅನ್ನು ಸಿ ಭಾಷೆಯಲ್ಲಿ ಸುಮಾರು ನೂರು ಸಾಲುಗಳಲ್ಲಿ ಬರೆಯಬಹುದು. ಸಂಪರ್ಕ ಸಾಧಿಸುವ ಭಾಗ ಕೆಲವೇ ಸಾಲುಗಳದ್ದು. ಉಳಿದ ಸಾಲುಗಳು ಸಂದೇಶದ ಗಡಿಯನ್ನು ಗುರುತಿಸಲು, ಅರ್ಧಕ್ಕೆ ನಿಂತ ಓದು-ಬರಹವನ್ನು ಪೂರ್ಣಗೊಳಿಸಲು ಮತ್ತು ದೋಷಗಳನ್ನು ನಿರ್ವಹಿಸಲು ಬೇಕಾಗುತ್ತವೆ. ಈ ಭಾಗವನ್ನು ಕೈಬಿಟ್ಟ ಪ್ರೋಗ್ರಾಮ್ ಸಣ್ಣ ಪರೀಕ್ಷೆಗಳಲ್ಲಿ ಸರಿಯಾಗಿಯೇ ನಡೆದು, ನಿಜವಾದ ಬಳಕೆಯಲ್ಲಿ ಕೆಡುತ್ತದೆ.

ಇತಿಹಾಸ

ಯುನಿಕ್ಸ್‌ನ ಮೊದಲ ವರ್ಷಗಳಲ್ಲಿ ಪ್ರಕ್ರಿಯೆಗಳ ನಡುವಿನ ಪ್ರಮುಖ ಸಂವಹನ ಸಾಧನವೆಂದರೆ ಪೈಪ್. ಡಗ್ಲಾಸ್ ಮೆಕ್‌ಇಲ್ರಾಯ್ ಅವರ ಸಲಹೆಯಂತೆ ಕೆನ್ ಥಾಂಪ್ಸನ್ ಅವರು 1973ರಲ್ಲಿ ಇದನ್ನು ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ಗೆ ಸೇರಿಸಿದರು. ಪೈಪ್ ಅನ್ನು ಹಂಚಿಕೊಳ್ಳಬೇಕಾದರೆ ಎರಡೂ ಪ್ರಕ್ರಿಯೆಗಳು ಒಂದೇ ಮೂಲ ಪ್ರಕ್ರಿಯೆಯಿಂದ ಹುಟ್ಟಿರಬೇಕಿತ್ತು. ಮೊದಲೇ ನಡೆಯುತ್ತಿರುವ ಸೇವೆಯೊಂದಕ್ಕೆ, ಅದರೊಂದಿಗೆ ಯಾವ ಸಂಬಂಧವೂ ಇಲ್ಲದ ಪ್ರೋಗ್ರಾಮ್ ಬಂದು ಸೇರಿಕೊಳ್ಳಲು ಪೈಪ್‌ನಲ್ಲಿ ಅವಕಾಶವಿರಲಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಸಿದ್ಧಗೊಂಡು 1983ರಲ್ಲಿ ಬಿಡುಗಡೆಯಾದ 4.2ಬಿಎಸ್‌ಡಿ ಆವೃತ್ತಿಯು ಸಾಕೆಟ್ ಎಂಬ ಸಾಮಾನ್ಯ ಪರಿಕಲ್ಪನೆಯನ್ನು ಪರಿಚಯಿಸಿತು. ಒಂದೇ ಬಗೆಯ ಫಂಕ್ಷನ್‌ಗಳ ಮೂಲಕ ದೂರದ ಯಂತ್ರದೊಂದಿಗೂ ಅದೇ ಯಂತ್ರದ ಬೇರೊಂದು ಪ್ರಕ್ರಿಯೆಯೊಂದಿಗೂ ಸಂವಹಿಸಲು ಇದರಿಂದ ಸಾಧ್ಯವಾಯಿತು. ಅಂತರಜಾಲಕ್ಕೆ ಒಂದು ವಿಳಾಸ ಕುಟುಂಬವನ್ನೂ ಸ್ಥಳೀಯ ಸಂವಹನಕ್ಕೆ ಇನ್ನೊಂದು ವಿಳಾಸ ಕುಟುಂಬವನ್ನೂ ಅದು ಒದಗಿಸಿತು. ಆ ಆವೃತ್ತಿಯಲ್ಲಿ ಪೈಪ್‌ಗಳನ್ನೂ ಸಾಕೆಟ್‌ಗಳ ಮೇಲೆಯೇ ಕಟ್ಟಲಾಗಿತ್ತು. ಮುಂದೆ ಸಾಕೆಟ್ ಫಂಕ್ಷನ್‌ಗಳು ಪೋಸಿಕ್ಸ್ ಮಾನದಂಡದ 2001ರ ಆವೃತ್ತಿಯಲ್ಲಿ ಸೇರಿದವು. ಬಹುಕಾಲ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2018ರ ವಿಂಡೋಸ್ 10 ಆವೃತ್ತಿಯಲ್ಲಿ ಭಾಗಶಃ ಬೆಂಬಲ ನೀಡಿತು.

ವಿಳಾಸ

ಸ್ಥಳೀಯ ಸಾಕೆಟ್‌ನ ವಿಳಾಸ ಕುಟುಂಬದ ಹೆಸರು ಎಎಫ್_ಯುನಿಕ್ಸ್. ಎಎಫ್_ಲೋಕಲ್ ಎಂಬುದು ಇದರದ್ದೇ ಇನ್ನೊಂದು ಹೆಸರು. ಸಿ ಭಾಷೆಯಲ್ಲಿ ಈ ವಿಳಾಸವನ್ನು ಎರಡು ಮುಖ್ಯ ಭಾಗಗಳಿರುವ ಒಂದು ಸ್ಟ್ರಕ್ಚರ್‌ನಲ್ಲಿ ಇರಿಸಲಾಗುತ್ತದೆ. ಮೊದಲನೆಯದು ಕುಟುಂಬವನ್ನು ಸೂಚಿಸುವ ಸಂಖ್ಯೆ, ಎರಡನೆಯದು ಹಾದಿಯನ್ನು ಹಿಡಿದಿಡುವ ಅಕ್ಷರಗಳ ಅರೇ.

ಈ ಅರೇಯ ಗಾತ್ರ ಬಹಳ ಚಿಕ್ಕದು. ಲಿನಕ್ಸ್‌ನಲ್ಲಿ ಅದು 108 ಬೈಟ್‌ಗಳು, ಮ್ಯಾಕ್‌ಓಎಸ್‌ನಲ್ಲಿ 104 ಬೈಟ್‌ಗಳು. ಪೋಸಿಕ್ಸ್ ಮಾನದಂಡವು ನಿರ್ದಿಷ್ಟ ಗಾತ್ರವನ್ನು ವಿಧಿಸಿಲ್ಲ. ಕೊನೆಯ ಶೂನ್ಯ ಬೈಟ್‌ಗೆ ಜಾಗ ಬಿಟ್ಟರೆ ಲಿನಕ್ಸ್‌ನಲ್ಲಿ ಹಾದಿಗೆ ಉಳಿಯುವುದು 107 ಬೈಟ್‌ಗಳು ಮಾತ್ರ. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೂ ಮೂರು ಬೈಟ್‌ಗಳು ಬೇಕಾಗುವುದರಿಂದ, ಕನ್ನಡ ಹೆಸರಿನ ಕಡತಕೋಶಗಳಿರುವ ಹಾದಿಯು ಈ ಮಿತಿಯನ್ನು ಬೇಗನೆ ಮೀರಬಹುದು. ‘ಕನ್ನಡ’ ಎಂಬ ಒಂದೇ ಪದಕ್ಕೆ 15 ಬೈಟ್‌ಗಳು ವ್ಯಯವಾಗುತ್ತವೆ.

ಹಾದಿಯಲ್ಲಿ ಕಾಣಿಸಿಕೊಳ್ಳುವ ಸಾಕೆಟ್ ಕಡತವು ದತ್ತಾಂಶವನ್ನು ಸಂಗ್ರಹಿಸುವ ಕಡತವಲ್ಲ. ಅದು ಕೇವಲ ಗುರುತಿನ ಫಲಕದಂತೆ. ಕಡತಗಳ ವಿವರವಾದ ಪಟ್ಟಿಯಲ್ಲಿ ಅದರ ಮೊದಲ ಅಕ್ಷರವು ‘ಎಸ್’ ಎಂದು ತೋರುತ್ತದೆ. ಸಾಮಾನ್ಯ ಕಡತದಂತೆ ಓಪನ್() ಮೂಲಕ ಅದನ್ನು ತೆರೆಯಲು ಬರುವುದಿಲ್ಲ, ಕನೆಕ್ಟ್() ಮೂಲಕ ಮಾತ್ರ ಅದರ ಹಿಂದಿರುವ ಸರ್ವರ್ ಅನ್ನು ತಲುಪಬಹುದು. ವಿನಿಮಯವಾಗುವ ಬೈಟ್‌ಗಳು ಕರ್ನೆಲ್‌ನ ಸ್ಮೃತಿಯ ಮೂಲಕವೇ ಸಾಗುತ್ತವೆ, ಡಿಸ್ಕ್ ಅನ್ನು ಮುಟ್ಟುವುದಿಲ್ಲ.

ಲಿನಕ್ಸ್‌ನಲ್ಲಿ ಅಮೂರ್ತ ವಿಳಾಸ ಎಂಬ ಇನ್ನೊಂದು ಬಗೆಯೂ ಇದೆ. ಹಾದಿಯ ಮೊದಲ ಬೈಟ್ ಶೂನ್ಯವಾಗಿದ್ದರೆ ಕಡತ ವ್ಯವಸ್ಥೆಯಲ್ಲಿ ಯಾವ ಕಡತವೂ ಮೂಡುವುದಿಲ್ಲ ಮತ್ತು ಸಾಕೆಟ್ ಮುಚ್ಚಿದೊಡನೆ ಆ ಹೆಸರು ತಾನಾಗಿಯೇ ಇಲ್ಲವಾಗುತ್ತದೆ. ಆದರೆ ಇಂತಹ ವಿಳಾಸಕ್ಕೆ ಕಡತ ಅನುಮತಿಗಳ ರಕ್ಷಣೆ ಇರುವುದಿಲ್ಲ.

ಬಗೆಗಳು

ಸ್ಥಳೀಯ ಸಾಕೆಟ್‌ಗಳಲ್ಲಿ ಮೂರು ಬಗೆಗಳಿವೆ.

• ಸಾಕ್_ಸ್ಟ್ರೀಮ್: ಸಂಪರ್ಕ ಆಧಾರಿತ, ಎರಡೂ ದಿಕ್ಕಿನ ಬೈಟ್ ಪ್ರವಾಹ. ಬೈಟ್‌ಗಳು ಕಳುಹಿಸಿದ ಕ್ರಮದಲ್ಲಿಯೇ ತಲುಪುತ್ತವೆ, ಆದರೆ ಸಂದೇಶಗಳ ನಡುವೆ ಗಡಿ ಇರುವುದಿಲ್ಲ. ಇದು ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಬಗೆ.
• ಸಾಕ್_ಡಿಗ್ರಾಮ್: ಒಂದೊಂದು ಸಂದೇಶವೂ ಬಿಡಿಯಾಗಿ ತಲುಪುವ ಬಗೆ. ಲಿನಕ್ಸ್‌ನಲ್ಲಿ ಈ ಸಂದೇಶಗಳು ದಾರಿಯಲ್ಲಿ ಕಳೆದುಹೋಗುವುದಿಲ್ಲ, ಅವುಗಳ ಕ್ರಮವೂ ಬದಲಾಗುವುದಿಲ್ಲ. ಉತ್ತರ ಪಡೆಯಬೇಕಾದ ಕ್ಲೈಂಟ್ ತನಗೂ ಒಂದು ವಿಳಾಸವನ್ನು ಕಟ್ಟಿಕೊಳ್ಳಬೇಕು. ಇಲ್ಲವಾದರೆ ಉತ್ತರ ಕಳುಹಿಸಲು ಸರ್ವರ್‌ಗೆ ವಿಳಾಸವೇ ಇರುವುದಿಲ್ಲ.
• ಸಾಕ್_ಸೆಕ್‌ಪ್ಯಾಕೆಟ್: ಸಂಪರ್ಕ ಆಧಾರಿತವೂ ಹೌದು, ಸಂದೇಶದ ಗಡಿಯನ್ನು ಉಳಿಸಿಕೊಳ್ಳುವುದೂ ಹೌದು. ಲಿನಕ್ಸ್‌ನಲ್ಲಿ ಲಭ್ಯವಿದ್ದರೂ ಎಲ್ಲ ವ್ಯವಸ್ಥೆಗಳಲ್ಲಿ ದೊರೆಯುವುದಿಲ್ಲ.

ಸರ್ವರ್‌ನ ಪಾತ್ರ

ಸರ್ವರ್ ಮೊದಲು ಸಾಕೆಟ್() ಮೂಲಕ ಸಾಕೆಟ್ ಒಂದನ್ನು ಸೃಷ್ಟಿಸುತ್ತದೆ. ಬಳಿಕ ಬೈಂಡ್() ಮೂಲಕ ಅದಕ್ಕೆ ಹಾದಿಯನ್ನು ಕಟ್ಟುತ್ತದೆ, ಆಗ ಸಾಕೆಟ್ ಕಡತವು ಹುಟ್ಟುತ್ತದೆ. ಲಿಸನ್() ಮೂಲಕ ಸಂಪರ್ಕಗಳಿಗಾಗಿ ಕಾಯಲು ಸಿದ್ಧವಾಗಿ, ಅಕ್ಸೆಪ್ಟ್() ಮೂಲಕ ಪ್ರತಿ ಕ್ಲೈಂಟ್‌ಗೂ ಒಂದು ಹೊಸ ಫೈಲ್ ಡಿಸ್ಕ್ರಿಪ್ಟರ್ ಅನ್ನು ಪಡೆಯುತ್ತದೆ.

ಸರ್ವರ್ ನಿಂತುಹೋದರೂ ಸಾಕೆಟ್ ಕಡತವು ತಾನಾಗಿಯೇ ಅಳಿಯುವುದಿಲ್ಲ. ಅದೇ ಹಾದಿಗೆ ಮತ್ತೆ ಬೈಂಡ್() ಮಾಡಿದರೆ ವಿಳಾಸವು ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ. ಆದ್ದರಿಂದ ಅನೇಕ ಸರ್ವರ್‌ಗಳು ಆರಂಭದಲ್ಲಿಯೇ ಹಳೆಯ ಕಡತವನ್ನು ಅಳಿಸುತ್ತವೆ. ಆ ಹಾದಿಯಲ್ಲಿ ಬೇರೊಂದು ಸರ್ವರ್ ಇನ್ನೂ ಕೆಲಸ ಮಾಡುತ್ತಿದ್ದರೆ ಈ ಕ್ರಮವು ಅದನ್ನು ಹೊಸ ಕ್ಲೈಂಟ್‌ಗಳಿಗೆ ಕಾಣದಂತೆ ಮಾಡುತ್ತದೆ. ಅಳಿಸುವ ಮುನ್ನ ಆ ಹಾದಿಗೆ ಒಮ್ಮೆ ಸಂಪರ್ಕಿಸಿ ನೋಡುವುದು ಅಥವಾ ಬೀಗದ ಕಡತವೊಂದನ್ನು ಬಳಸುವುದು ಇದಕ್ಕೆ ಪರಿಹಾರ.

ಕ್ಲೈಂಟ್‌ನ ರಚನೆ

ಬಳಕೆದಾರ ಕೀಲಿಮಣೆಯಲ್ಲಿ ಬರೆದ ಸಾಲುಗಳನ್ನು ಸರ್ವರ್‌ಗೆ ಕಳುಹಿಸಿ, ಸರ್ವರ್‌ನಿಂದ ಬಂದುದನ್ನು ಪರದೆಯ ಮೇಲೆ ತೋರಿಸುವ ಸರಳ ಕ್ಲೈಂಟ್‌ನಲ್ಲಿ ಈ ಕೆಳಗಿನ ಹಂತಗಳಿರುತ್ತವೆ.

1. ಆರ್ಗ್ಯುಮೆಂಟ್ ಪರಿಶೀಲನೆ: ಸಾಕೆಟ್‌ನ ಹಾದಿಯನ್ನು ಕಮಾಂಡ್ ಲೈನ್‌ನಿಂದ ಪಡೆಯಲಾಗುತ್ತದೆ. ಹಾದಿಯನ್ನು ಕೊಡದಿದ್ದರೆ ಬಳಕೆಯ ಕ್ರಮವನ್ನು ದೋಷ ಔಟ್‌ಪುಟ್‌ನಲ್ಲಿ ಮುದ್ರಿಸಿ, ಶೂನ್ಯವಲ್ಲದ ಸಂಖ್ಯೆಯೊಂದಿಗೆ ಪ್ರೋಗ್ರಾಮ್ ನಿಲ್ಲಬೇಕು.
2. ವಿಳಾಸದ ಸಿದ್ಧತೆ: ವಿಳಾಸದ ಸ್ಟ್ರಕ್ಚರ್ ಅನ್ನು ಮೊದಲು ಪೂರ್ತಿ ಶೂನ್ಯದಿಂದ ತುಂಬಿ, ಕುಟುಂಬವನ್ನು ನಮೂದಿಸಲಾಗುತ್ತದೆ. ಹಾದಿಯ ಉದ್ದವು ಅರೇಯ ಗಾತ್ರಕ್ಕಿಂತ ಕಡಿಮೆಯಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ನಕಲಿಸಬೇಕು. ಪರಿಶೀಲಿಸದೆ ನಕಲಿಸಿದರೆ ಸ್ಮೃತಿಯ ಮಿತಿ ಮೀರಬಹುದು. ಉದ್ದವಾದುದನ್ನು ಸದ್ದಿಲ್ಲದೆ ತುಂಡರಿಸಿದರೆ ಪ್ರೋಗ್ರಾಮ್ ಬೇರೆಯೇ ಹಾದಿಯನ್ನು ಹುಡುಕಿಕೊಂಡು ಹೋಗುತ್ತದೆ.
3. ಸಾಕೆಟ್ ಸೃಷ್ಟಿ: ಎಎಫ್_ಯುನಿಕ್ಸ್, ಸಾಕ್_ಸ್ಟ್ರೀಮ್ ಮತ್ತು ಶೂನ್ಯ ಎಂಬ ಮೂರು ಮೌಲ್ಯಗಳೊಂದಿಗೆ ಸಾಕೆಟ್() ಅನ್ನು ಕರೆಯಲಾಗುತ್ತದೆ. ಯಶಸ್ವಿಯಾದರೆ ಫೈಲ್ ಡಿಸ್ಕ್ರಿಪ್ಟರ್ ದೊರೆಯುತ್ತದೆ, ವಿಫಲವಾದರೆ -1 ಬರುತ್ತದೆ.
4. ಸಂಪರ್ಕ: ಕನೆಕ್ಟ್() ಫಂಕ್ಷನ್‌ಗೆ ಡಿಸ್ಕ್ರಿಪ್ಟರ್, ವಿಳಾಸದ ಪಾಯಿಂಟರ್ ಮತ್ತು ವಿಳಾಸದ ಗಾತ್ರವನ್ನು ನೀಡಲಾಗುತ್ತದೆ. ಈ ಫಂಕ್ಷನ್ ಎಲ್ಲ ವಿಳಾಸ ಕುಟುಂಬಗಳಿಗೂ ಒಂದೇ ಆದುದರಿಂದ ಪಾಯಿಂಟರ್ ಅನ್ನು ಸಾಮಾನ್ಯ ವಿಳಾಸದ ಬಗೆಗೆ ಪರಿವರ್ತಿಸಬೇಕಾಗುತ್ತದೆ.
5. ವಿನಿಮಯ: ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಸಾಕೆಟ್ ಎರಡನ್ನೂ ಗಮನಿಸುತ್ತ, ಒಂದರಿಂದ ಬಂದ ಬೈಟ್‌ಗಳನ್ನು ಇನ್ನೊಂದು ಕಡೆಗೆ ಸಾಗಿಸಲಾಗುತ್ತದೆ.
6. ಮುಕ್ತಾಯ: ಇನ್‌ಪುಟ್ ಮುಗಿದಾಗ ಬರೆಯುವ ದಿಕ್ಕನ್ನು ಮಾತ್ರ ಮುಚ್ಚಿ, ಸರ್ವರ್‌ನ ಉಳಿದ ಉತ್ತರವನ್ನು ಓದಿದ ನಂತರ ಸಾಕೆಟ್ ಅನ್ನು ಮುಚ್ಚಲಾಗುತ್ತದೆ.

ಆರನೆಯ ಹಂತದಲ್ಲಿ ಬಳಸುವ ಫಂಕ್ಷನ್ ಶಟ್‌ಡೌನ್(). ಇನ್‌ಪುಟ್ ಮುಗಿದೊಡನೆ ಕ್ಲೋಸ್() ಮಾಡಿದರೆ ಇನ್ನೂ ಬರಬೇಕಾಗಿದ್ದ ಉತ್ತರವು ಕ್ಲೈಂಟ್‌ಗೆ ದೊರೆಯುವುದಿಲ್ಲ. ಶಟ್‌ಡೌನ್() ಮೂಲಕ ಬರೆಯುವ ದಿಕ್ಕನ್ನು ಮುಚ್ಚಿದಾಗ ಇನ್ನು ಕೋರಿಕೆಗಳಿಲ್ಲ ಎಂಬುದು ಸರ್ವರ್‌ಗೆ ತಿಳಿಯುತ್ತದೆ, ಓದುವ ದಿಕ್ಕು ಮಾತ್ರ ತೆರೆದೇ ಇರುತ್ತದೆ.

ಓದು ಮತ್ತು ಬರಹ

ರೀಡ್() ಫಂಕ್ಷನ್ ಮೂರು ಬಗೆಯ ಉತ್ತರ ನೀಡುತ್ತದೆ. ಧನ ಸಂಖ್ಯೆಯಾದರೆ ಅಷ್ಟು ಬೈಟ್‌ಗಳು ಬಂದಿವೆ ಎಂದರ್ಥ. ಶೂನ್ಯವಾದರೆ ಎದುರಿನ ಪ್ರಕ್ರಿಯೆ ಸಂಪರ್ಕವನ್ನು ಮುಚ್ಚಿದೆ ಎಂದರ್ಥ. -1 ಆದರೆ ದೋಷವುಂಟಾಗಿದೆ ಎಂದರ್ಥ. ಬಂದ ಬೈಟ್‌ಗಳ ಕೊನೆಗೆ ಈ ಫಂಕ್ಷನ್ ಶೂನ್ಯ ಬೈಟ್ ಅನ್ನು ಸೇರಿಸುವುದಿಲ್ಲ. ಆದ್ದರಿಂದ ಅವನ್ನು ನೇರವಾಗಿ ಸಿ ಭಾಷೆಯ ಸ್ಟ್ರಿಂಗ್ ಎಂದು ಭಾವಿಸಿ ಮುದ್ರಿಸಿದರೆ ಬಫರ್‌ನ ಆಚೆಗಿನ ಸ್ಮೃತಿಯೂ ಓದಲ್ಪಡಬಹುದು.

ಬೈಟ್ ಪ್ರವಾಹದಲ್ಲಿ ಒಂದು ರೈಟ್()ಗೆ ಒಂದು ರೀಡ್() ಎಂಬ ಹೊಂದಾಣಿಕೆ ಇಲ್ಲ. ಸರ್ವರ್ ಒಮ್ಮೆಗೆ ಬರೆದ ಹತ್ತು ಸಾವಿರ ಬೈಟ್‌ಗಳು ಕ್ಲೈಂಟ್‌ಗೆ ನಾಲ್ಕು ಕಂತುಗಳಲ್ಲಿ ತಲುಪಬಹುದು. ಎರಡು ಬಾರಿ ಬರೆದ ಚಿಕ್ಕ ಉತ್ತರಗಳು ಒಂದೇ ಓದಿನಲ್ಲಿ ಕೂಡಿಕೊಂಡು ಬರಬಹುದು. ಕನ್ನಡದ ಪಠ್ಯವಾದರೆ ಮೂರು ಬೈಟ್‌ಗಳ ಅಕ್ಷರವೊಂದರ ಮೊದಲ ಬೈಟ್ ಒಂದು ಓದಿನಲ್ಲಿ, ಉಳಿದೆರಡು ಮುಂದಿನ ಓದಿನಲ್ಲಿ ಬರುವ ಸಾಧ್ಯತೆಯೂ ಇದೆ. ಪ್ರತಿ ಓದಿನ ಫಲಿತಾಂಶವನ್ನು ಪೂರ್ಣ ಪಠ್ಯವೆಂದು ಎಣಿಸುವ ಪ್ರೋಗ್ರಾಮ್ ಅಂತಹ ಅಕ್ಷರವನ್ನು ಕೆಡಿಸುತ್ತದೆ. ಬೈಟ್‌ಗಳನ್ನು ಬಂದಂತೆಯೇ ಔಟ್‌ಪುಟ್‌ಗೆ ದಾಟಿಸುವ ಕ್ಲೈಂಟ್‌ಗೆ ಈ ತೊಂದರೆ ಇಲ್ಲ.

ಸಂದೇಶದ ಗಡಿಯನ್ನು ಗುರುತಿಸಲು ಎರಡು ವಿಧಾನಗಳು ರೂಢಿಯಲ್ಲಿವೆ. ಪ್ರತಿ ಸಂದೇಶದ ಕೊನೆಗೆ ಹೊಸಸಾಲಿನ ಅಕ್ಷರವನ್ನು ಇಡುವುದು ಮೊದಲನೆಯದು. ಪ್ರತಿ ಸಂದೇಶದ ಮೊದಲಿಗೆ ಅದರ ಉದ್ದವನ್ನು ನಿಗದಿತ ಸಂಖ್ಯೆಯ ಬೈಟ್‌ಗಳಲ್ಲಿ ಬರೆಯುವುದು ಎರಡನೆಯದು. ಮೊದಲನೆಯದರಲ್ಲಿ ಸಂದೇಶದ ಒಳಗೆ ಹೊಸಸಾಲು ಬರುವಂತಿಲ್ಲ. ಎರಡನೆಯದರಲ್ಲಿ ಬಂದ ಉದ್ದವನ್ನು ನಂಬುವ ಮುನ್ನ ಅದು ಒಪ್ಪಬಹುದಾದ ಮಿತಿಯೊಳಗಿದೆಯೇ ಎಂದು ನೋಡಬೇಕು.

ರೈಟ್() ಕೂಡ ಕೇಳಿದಷ್ಟು ಬೈಟ್‌ಗಳನ್ನು ಒಂದೇ ಬಾರಿಗೆ ಬರೆಯುತ್ತದೆಂಬ ಭರವಸೆಯಿಲ್ಲ. ಎಷ್ಟು ಬರೆಯಲಾಯಿತೆಂಬುದನ್ನು ನೋಡಿ, ಉಳಿದುದನ್ನು ಲೂಪ್‌ನಲ್ಲಿ ಮತ್ತೆ ಬರೆಯಬೇಕು. ಸಿಗ್ನಲ್ ಒಂದರಿಂದ ಕರೆಗೆ ಅಡ್ಡಿಯಾದರೆ ಈಇಂಟರ್ ಎಂಬ ದೋಷ ಬರುತ್ತದೆ. ಅದು ನಿಜವಾದ ವೈಫಲ್ಯವಲ್ಲ, ಕರೆಯನ್ನು ಪುನಃ ಮಾಡಿದರೆ ಸಾಕು.

ಎರಡೂ ಕಡೆ ಏಕಕಾಲದಲ್ಲಿ ಕಾಯುವುದು

ಒಂದು ಸಾಲು ಕಳುಹಿಸು, ಒಂದು ಉತ್ತರಕ್ಕಾಗಿ ಕಾಯು ಎಂಬ ಸರಳ ಕ್ರಮವು ಪ್ರತಿ ಸಾಲಿಗೂ ಉತ್ತರವೊಂದು ಖಚಿತವಾಗಿದ್ದಾಗ ಮಾತ್ರ ಸರಿಹೊಂದುತ್ತದೆ. ಸರ್ವರ್ ಒಂದು ಸಾಲಿಗೆ ಉತ್ತರಿಸದೆ ಮುಂದಿನ ಸಾಲಿಗಾಗಿ ಕಾದರೆ ಎರಡೂ ಪ್ರಕ್ರಿಯೆಗಳು ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ. ಇದನ್ನು ತಪ್ಪಿಸಲು ಪೋಲ್() ಫಂಕ್ಷನ್ ಬಳಸಲಾಗುತ್ತದೆ. ಎರಡು ಡಿಸ್ಕ್ರಿಪ್ಟರ್‌ಗಳಲ್ಲಿ ಯಾವುದು ಓದಲು ಸಿದ್ಧವಾಗಿದೆ ಎಂಬುದನ್ನು ಅದು ತಿಳಿಸುತ್ತದೆ.

ಪೋಲ್() ಬಳಸುವಾಗ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅದರ ಜೊತೆಗೆ ಎಫ್‌ಗೆಟ್ಸ್() ಮುಂತಾದ ಬಫರ್ ಇರುವ ಫಂಕ್ಷನ್‌ಗಳನ್ನು ಬೆರೆಸಬಾರದು. ಅವು ಒಂದು ಸಾಲು ಕೇಳಿದರೂ ಹಲವು ಸಾಲುಗಳನ್ನು ತಮ್ಮ ಬಫರ್‌ಗೆ ಎಳೆದುಕೊಂಡಿರಬಹುದು. ಆಗ ಕರ್ನೆಲ್‌ನ ದೃಷ್ಟಿಯಲ್ಲಿ ಓದಲು ಏನೂ ಉಳಿದಿರುವುದಿಲ್ಲ, ಪ್ರೋಗ್ರಾಮ್ ಸುಮ್ಮನೆ ಕಾಯುತ್ತದೆ. ಎರಡನೆಯದಾಗಿ, ಇನ್‌ಪುಟ್ ಪೈಪ್‌ನಿಂದ ಬರುತ್ತಿದ್ದು ಅದು ಮುಚ್ಚಿದಾಗ, ಓದಬಹುದು ಎಂಬ ಸೂಚನೆಯ ಬದಲು ಸಂಪರ್ಕ ಕಡಿದಿದೆ ಎಂಬ ಸೂಚನೆ ಮಾತ್ರ ಬರಬಹುದು. ಎರಡೂ ಸೂಚನೆಗಳನ್ನು ಪರಿಶೀಲಿಸಬೇಕು. ಮೂರನೆಯದಾಗಿ, ಇನ್‌ಪುಟ್ ಮುಗಿದ ಮೇಲೆ ಅದರ ಡಿಸ್ಕ್ರಿಪ್ಟರ್ ಜಾಗದಲ್ಲಿ -1 ಇಡಬೇಕು. ಇಲ್ಲವಾದರೆ ಪೋಲ್() ಪ್ರತಿ ಬಾರಿಯೂ ತಕ್ಷಣ ಹಿಂದಿರುಗಿ, ಪ್ರೊಸೆಸರ್ ಅನ್ನು ವ್ಯರ್ಥವಾಗಿ ದುಡಿಸುತ್ತದೆ.

ದೊಡ್ಡ ಪ್ರಮಾಣದ ದತ್ತಾಂಶ ಸಾಗಿಸುವಾಗ ಇನ್ನೊಂದು ಅಡಚಣೆಯೂ ಸಾಧ್ಯ. ಕ್ಲೈಂಟ್ ಬರೆಯುತ್ತಲೇ ಇದ್ದು ಸರ್ವರ್ ಕೂಡ ಉತ್ತರ ಬರೆಯುತ್ತಿದ್ದರೆ, ಎರಡೂ ದಿಕ್ಕಿನ ಕರ್ನೆಲ್ ಬಫರ್‌ಗಳು ತುಂಬಿ ಇಬ್ಬರೂ ರೈಟ್()ನಲ್ಲಿಯೇ ಸಿಲುಕಬಹುದು. ಸಾಕೆಟ್ ಅನ್ನು ತಡೆರಹಿತ ಸ್ಥಿತಿಗೆ ಬದಲಿಸಿ, ಬರೆಯಲು ಅವಕಾಶವಿದೆಯೇ ಎಂಬುದನ್ನೂ ಪೋಲ್()ನಿಂದಲೇ ತಿಳಿದುಕೊಳ್ಳುವುದು ಇದಕ್ಕೆ ಪರಿಹಾರ.

ಸಾಮಾನ್ಯ ದೋಷಗಳು

ದೋಷದ ಸಂಖ್ಯೆಯನ್ನು ಪೆರರ್() ಮೂಲಕ ಓದಬಲ್ಲ ಸಂದೇಶವಾಗಿ ಮುದ್ರಿಸಬಹುದು. ಕ್ಲೈಂಟ್ ಬರೆಯುವವರಿಗೆ ಹೆಚ್ಚಾಗಿ ಎದುರಾಗುವ ದೋಷಗಳು ಇವು.

• ಈನೋಎಂಟ್: ಆ ಹಾದಿಯಲ್ಲಿ ಸಾಕೆಟ್ ಕಡತವಿಲ್ಲ. ಸರ್ವರ್ ಇನ್ನೂ ಆರಂಭವಾಗಿಲ್ಲ ಅಥವಾ ಹಾದಿ ತಪ್ಪಾಗಿದೆ.
• ಈಕನ್‌ರೆಫ್ಯೂಸ್ಡ್: ಕಡತವಿದೆ, ಆದರೆ ಅದರ ಹಿಂದೆ ಕೇಳುತ್ತಿರುವ ಸರ್ವರ್ ಇಲ್ಲ. ಹಿಂದೊಮ್ಮೆ ಥಟ್ಟನೆ ನಿಂತ ಸರ್ವರ್ ಬಿಟ್ಟುಹೋದ ಕಡತ ಇದಕ್ಕೆ ಸಾಮಾನ್ಯ ಕಾರಣ.
• ಈಆಕ್ಸೆಸ್: ಬಳಕೆದಾರನಿಗೆ ಅನುಮತಿಯಿಲ್ಲ. ಲಿನಕ್ಸ್‌ನಲ್ಲಿ ಸಂಪರ್ಕಿಸಲು ಸಾಕೆಟ್ ಕಡತದ ಮೇಲೆ ಬರೆಯುವ ಅನುಮತಿಯೂ ಹಾದಿಯ ಎಲ್ಲ ಕಡತಕೋಶಗಳನ್ನು ಪ್ರವೇಶಿಸುವ ಅನುಮತಿಯೂ ಬೇಕು.
• ಈಪೈಪ್: ಎದುರಿನ ಪ್ರಕ್ರಿಯೆ ಮುಚ್ಚಿದ ಸಂಪರ್ಕಕ್ಕೆ ಬರೆಯಲು ಯತ್ನಿಸಲಾಗಿದೆ.

ಕೊನೆಯ ಸಂದರ್ಭದಲ್ಲಿ ಕರ್ನೆಲ್ ಮೊದಲು ಸಿಗ್‌ಪೈಪ್ ಎಂಬ ಸಿಗ್ನಲ್ ಕಳುಹಿಸುತ್ತದೆ. ಅದನ್ನು ನಿರ್ವಹಿಸದ ಪ್ರೋಗ್ರಾಮ್ ಯಾವ ಸಂದೇಶವನ್ನೂ ಮುದ್ರಿಸದೆ ಕೊನೆಗೊಳ್ಳುತ್ತದೆ. ಆರಂಭದಲ್ಲಿಯೇ ಈ ಸಿಗ್ನಲ್ ಅನ್ನು ಕಡೆಗಣಿಸುವಂತೆ ಸೂಚಿಸಿದರೆ, ರೈಟ್() ದೋಷವನ್ನು ಹಿಂದಿರುಗಿಸುತ್ತದೆ ಮತ್ತು ಕ್ಲೈಂಟ್ ಕಾರಣವನ್ನು ತಿಳಿಸಿ ಕ್ರಮಬದ್ಧವಾಗಿ ನಿಲ್ಲಬಹುದು.

ದೋಷ ಸಂದೇಶಗಳನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯದೆ ದೋಷ ಔಟ್‌ಪುಟ್‌ಗೆ ಬರೆಯುವುದು ಕಮಾಂಡ್ ಲೈನ್ ಪ್ರೋಗ್ರಾಮ್‌ಗಳ ರೂಢಿ. ಕ್ಲೈಂಟ್‌ನ ಉತ್ತರವನ್ನು ಬೇರೊಂದು ಪ್ರೋಗ್ರಾಮ್‌ಗೆ ಪೈಪ್ ಮೂಲಕ ನೀಡಿದಾಗ, ದೋಷದ ಸಾಲುಗಳು ದತ್ತಾಂಶದೊಂದಿಗೆ ಬೆರೆಯದಿರುವುದು ಇದರಿಂದ ಸಾಧ್ಯವಾಗುತ್ತದೆ.

ಭದ್ರತೆ

ಸ್ಥಳೀಯ ಸಾಕೆಟ್ ಅನ್ನು ಬೇರೆ ಯಂತ್ರದಿಂದ ನೇರವಾಗಿ ತಲುಪಲಾಗದು. ಆದರೆ ಅದೇ ಯಂತ್ರದ ಇತರ ಬಳಕೆದಾರರಿಂದ ಅದನ್ನು ರಕ್ಷಿಸುವುದು ಮುಖ್ಯವಾಗಿ ಕಡತ ಅನುಮತಿಗಳೇ. ಹಳೆಯ ಕೆಲವು ವ್ಯವಸ್ಥೆಗಳು ಸಾಕೆಟ್ ಕಡತದ ಅನುಮತಿಯನ್ನು ಪರಿಗಣಿಸುತ್ತಿರಲಿಲ್ಲ. ಆದ್ದರಿಂದ ಮಾಲೀಕನಿಗೆ ಮಾತ್ರ ಪ್ರವೇಶವಿರುವ ಕಡತಕೋಶದಲ್ಲಿ ಸಾಕೆಟ್ ಇಡುವುದು ಹೆಚ್ಚು ಸುರಕ್ಷಿತವೆಂದು ಪರಿಗಣಿಸಲಾಗಿದೆ.

ಡಾಕರ್ ತಂತ್ರಾಂಶದ ಸಾಕೆಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಾಮಾನ್ಯ ವಿನ್ಯಾಸದಲ್ಲಿ ಡಾಕರ್ ಸೇವೆಯು ರೂಟ್ ಅಧಿಕಾರದಲ್ಲಿ ನಡೆಯುವುದರಿಂದ, ಅದರ ಸಾಕೆಟ್‌ಗೆ ಬರೆಯಬಲ್ಲ ಬಳಕೆದಾರನು ಯಂತ್ರದ ಯಾವುದೇ ಕಡತಕೋಶವನ್ನು ಕಂಟೇನರ್‌ಗೆ ಜೋಡಿಸಿಕೊಳ್ಳಬಲ್ಲನು. ಅಂದರೆ ಆ ಒಂದು ಸಾಕೆಟ್ ಕಡತದ ಅನುಮತಿಯು ವಾಸ್ತವದಲ್ಲಿ ರೂಟ್ ಅಧಿಕಾರಕ್ಕೆ ಸಮಾನ.

ಎಲ್ಲ ಬಳಕೆದಾರರೂ ಬರೆಯಬಹುದಾದ ತಾತ್ಕಾಲಿಕ ಕಡತಕೋಶದಲ್ಲಿ ಸಾಕೆಟ್ ಇದ್ದರೆ, ನಿಜವಾದ ಸರ್ವರ್ ಆರಂಭವಾಗುವ ಮೊದಲೇ ಬೇರೊಬ್ಬ ಬಳಕೆದಾರ ಅದೇ ಹೆಸರಿನಲ್ಲಿ ನಕಲಿ ಸಾಕೆಟ್ ಸ್ಥಾಪಿಸಬಹುದು. ಗುಪ್ತಪದದಂತಹ ಮಾಹಿತಿ ಕಳುಹಿಸುವ ಕ್ಲೈಂಟ್ ಎದುರಿರುವವರ ಗುರುತನ್ನು ಪರೀಕ್ಷಿಸುವುದು ಅಗತ್ಯ. ಲಿನಕ್ಸ್‌ನಲ್ಲಿ ಎಸ್‌ಒ_ಪೀರ್‌ಕ್ರೆಡ್ ಎಂಬ ಆಯ್ಕೆಯು ಎದುರಿನ ಪ್ರಕ್ರಿಯೆಯ ಸಂಖ್ಯೆ, ಬಳಕೆದಾರ ಸಂಖ್ಯೆ ಮತ್ತು ಗುಂಪಿನ ಸಂಖ್ಯೆಯನ್ನು ತಿಳಿಸುತ್ತದೆ. ಈ ಮಾಹಿತಿಯನ್ನು ಕರ್ನೆಲ್ ನೀಡುವುದರಿಂದ ಎದುರಿನ ಸಾಮಾನ್ಯ ಬಳಕೆದಾರ ಅದನ್ನು ತಿರುಚಲಾರ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯದ ‘ಪೀರ್’ ದೃಢೀಕರಣವು ಇದೇ ತತ್ವದ ಮೇಲೆ ನಿಂತಿದ್ದು, ಸ್ಥಳೀಯ ಬಳಕೆದಾರರನ್ನು ಗುಪ್ತಪದವಿಲ್ಲದೆ ಗುರುತಿಸುತ್ತದೆ.

ಬಳಕೆಗಳು

• ಮೈಎಸ್‌ಕ್ಯೂಎಲ್: ಯುನಿಕ್ಸ್ ವ್ಯವಸ್ಥೆಗಳಲ್ಲಿ ಇದರ ಕಮಾಂಡ್ ಲೈನ್ ಕ್ಲೈಂಟ್‌ಗೆ ‘ಲೋಕಲ್‌ಹೋಸ್ಟ್’ ಎಂಬ ಹೆಸರು ನೀಡಿದರೆ ಸ್ಥಳೀಯ ಸಾಕೆಟ್ ಬಳಕೆಯಾಗುತ್ತದೆ. 127.0.0.1 ಎಂದು ನೀಡಿದರೆ ಟಿಸಿಪಿ ಬಳಕೆಯಾಗುತ್ತದೆ. ಒಂದು ನಡೆದು ಇನ್ನೊಂದು ನಡೆಯದಿರಲು ಈ ವ್ಯತ್ಯಾಸ ಕಾರಣವಾಗಿರುತ್ತದೆ.
• ಎಸ್‌ಎಸ್‌ಎಚ್ ಏಜೆಂಟ್: ಖಾಸಗಿ ಕೀಲಿಗಳು ಏಜೆಂಟ್ ಪ್ರಕ್ರಿಯೆಯಲ್ಲಿಯೇ ಉಳಿಯುತ್ತವೆ. ಕ್ಲೈಂಟ್‌ಗಳು ಸಾಕೆಟ್ ಮೂಲಕ ಸಹಿಯನ್ನು ಮಾತ್ರ ಕೋರುತ್ತವೆ.
• ಎಕ್ಸ್ ವಿಂಡೋ ಮತ್ತು ವೇಲ್ಯಾಂಡ್: ಚಿತ್ರಾತ್ಮಕ ಪ್ರೋಗ್ರಾಮ್‌ಗಳು ಪರದೆಯನ್ನು ನಿರ್ವಹಿಸುವ ಸರ್ವರ್‌ನೊಂದಿಗೆ ಸಾಕೆಟ್ ಮೂಲಕ ವ್ಯವಹರಿಸುತ್ತವೆ.
• ಡಿ-ಬಸ್: ಲಿನಕ್ಸ್ ಡೆಸ್ಕ್‌ಟಾಪ್‌ನ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ.

ತೆರೆದ ಫೈಲ್ ಡಿಸ್ಕ್ರಿಪ್ಟರ್ ಒಂದನ್ನು ಬೇರೊಂದು ಪ್ರಕ್ರಿಯೆಗೆ ಹಸ್ತಾಂತರಿಸುವುದು ಸ್ಥಳೀಯ ಸಾಕೆಟ್‌ನ ವಿಶೇಷ ಸಾಮರ್ಥ್ಯ. ವೇಲ್ಯಾಂಡ್‌ನಲ್ಲಿ ಚಿತ್ರದ ಬಿಂದುಗಳನ್ನು ಸಾಕೆಟ್ ಮೂಲಕ ನಕಲಿಸದೆ, ಅವು ಇರುವ ಹಂಚಿಕೆಯ ಸ್ಮೃತಿಯ ಡಿಸ್ಕ್ರಿಪ್ಟರ್ ಅನ್ನು ಮಾತ್ರ ಕಳುಹಿಸಲಾಗುತ್ತದೆ.

ಇತರ ವಿಧಾನಗಳೊಂದಿಗೆ ಹೋಲಿಕೆ

ಹೆಸರುಳ್ಳ ಪೈಪ್ ಕೂಡ ಕಡತ ವ್ಯವಸ್ಥೆಯಲ್ಲಿ ಹಾದಿಯನ್ನು ಹೊಂದಿರುತ್ತದೆ. ಆದರೆ ಅದರಲ್ಲಿ ಪ್ರತಿ ಕ್ಲೈಂಟ್‌ಗೂ ಪ್ರತ್ಯೇಕ ಸಂಪರ್ಕ ಇರುವುದಿಲ್ಲ, ಹಲವು ಕ್ಲೈಂಟ್‌ಗಳು ಬರೆದ ಬೈಟ್‌ಗಳು ಒಂದೇ ಕೊಳವೆಯಲ್ಲಿ ಸೇರುತ್ತವೆ. 127.0.0.1 ವಿಳಾಸದ ಟಿಸಿಪಿ ಸಂಪರ್ಕವು ಬಹುತೇಕ ಎಲ್ಲ ವ್ಯವಸ್ಥೆಗಳಲ್ಲಿ ದೊರೆಯುತ್ತದೆ ಮತ್ತು ಮುಂದೆ ಬೇರೆ ಯಂತ್ರಕ್ಕೂ ವಿಸ್ತರಿಸಲು ಸುಲಭ. ಆದರೆ ಯಂತ್ರದ ಯಾವುದೇ ಬಳಕೆದಾರ ಆ ಪೋರ್ಟ್‌ಗೆ ಸಂಪರ್ಕಿಸಬಹುದು, ದತ್ತಾಂಶವೂ ಟಿಸಿಪಿ ಮತ್ತು ಐಪಿ ಪದರಗಳನ್ನು ಹಾದುಹೋಗಬೇಕು. ಹಂಚಿಕೆಯ ಸ್ಮೃತಿಯಲ್ಲಿ ದತ್ತಾಂಶವನ್ನು ನಕಲಿಸುವ ಅಗತ್ಯವೇ ಇಲ್ಲವಾದರೂ, ಯಾರು ಯಾವಾಗ ಓದಬೇಕು, ಬರೆಯಬೇಕು ಎಂಬ ಹೊಂದಾಣಿಕೆಯನ್ನು ಪ್ರೋಗ್ರಾಮ್‌ಗಳೇ ನಿರ್ವಹಿಸಬೇಕಾಗುತ್ತದೆ.

ಪರೀಕ್ಷಾ ಸಾಧನಗಳು

ಓಪನ್‌ಬಿಎಸ್‌ಡಿ ಮೂಲದ ನೆಟ್‌ಕ್ಯಾಟ್ ಮತ್ತು ಸೋಕ್ಯಾಟ್ ಎಂಬ ಸಾಧನಗಳು ಸ್ಥಳೀಯ ಸಾಕೆಟ್‌ಗಳಿಗೆ ಸಿದ್ಧ ಕ್ಲೈಂಟ್ ಆಗಿಯೂ ಸರ್ವರ್ ಆಗಿಯೂ ವರ್ತಿಸಬಲ್ಲವು. ಹೊಸ ಕ್ಲೈಂಟ್ ಬರೆಯುವಾಗ ಎದುರಿಗೆ ಇಂತಹ ಸಾಧನವನ್ನು ಇರಿಸಿದರೆ ದೋಷವು ಯಾವ ಕಡೆಯದೆಂದು ಬೇರ್ಪಡಿಸುವುದು ಸುಲಭ. ಲಿನಕ್ಸ್‌ನ ಎಸ್‌ಎಸ್ ಆದೇಶವು ತೆರೆದಿರುವ ಸ್ಥಳೀಯ ಸಾಕೆಟ್‌ಗಳನ್ನು ಪಟ್ಟಿ ಮಾಡುತ್ತದೆ, ಎಸ್‌ಟ್ರೇಸ್ ಆದೇಶವು ಪ್ರೋಗ್ರಾಮ್ ಮಾಡಿದ ಪ್ರತಿಯೊಂದು ಕರ್ನೆಲ್ ಕರೆಯನ್ನೂ ಅದರ ಫಲಿತಾಂಶದೊಂದಿಗೆ ತೋರಿಸುತ್ತದೆ. ಉತ್ತರವನ್ನು ಒಂದೊಂದೇ ಬೈಟ್‌ನಂತೆ ನಿಧಾನವಾಗಿ ಕಳುಹಿಸುವ, ನಡುವೆಯೇ ಸಂಪರ್ಕ ಮುಚ್ಚುವ ಮತ್ತು ಉತ್ತರವನ್ನೇ ನೀಡದ ಸರ್ವರ್‌ಗಳೊಂದಿಗೆ ಪರೀಕ್ಷಿಸಿದಾಗ ಸಾಮಾನ್ಯ ಬಳಕೆಯಲ್ಲಿ ಅಡಗಿರುವ ಹೆಚ್ಚಿನ ದೋಷಗಳು ಹೊರಬರುತ್ತವೆ.